ಹಾವಸೆಗೆ ಒಂದು ಗೇಣು ಗೋಡೆ

ಈ ವಾರ್ಷಿಕವನ್ನು ಓದುವ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯ ಬಂಧುಗಳಿಗೆ ನನ್ನ ವಿಷಯ ಕೇಳಿದೊಡನೆ ನಗು ಬಂದೀತು. ಹಾವಸೆಯನ್ನು ಯಾರಾದರೂ ಬೇಕೆಂದು ಬೆಳೆಸುತ್ತಾರೆಯೆ? ನಿಮ್ಮಲ್ಲಿ ಅದು ಕರೆಯದೆ ಬರುವ ನೆಂಟ. ಬಂದಮೇಲೆ ಹೊರಡುವ ಮಾತೇ ಇಲ್ಲ. ಆಟಿ ತಿಂಗಳಲ್ಲಿ ಪಾಗಾರ, ಬಾವಿಕಟ್ಟೆ, ಮಾಡಿನ ಹಂಚು, ತೆಂಗಿನ ಬುಡ ಎಲ್ಲವೂ ಹಸುರು. ಜಾರಿ ಬೀಳದಿರಲೆಂದು ಅಂಗಳಕ್ಕೆ ಮಡಲು ಹಾಸುವ ನಾಡು ನಿಮ್ಮದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಲ್ಲಿ ಹಾವಸೆಯ ಬಗ್ಗೆ ಬರೆಯುವುದೆಂದರೆ ಕಡಲ ದಂಡೆಯಲ್ಲಿ ಕುಳಿತು ಉಪ್ಪಿನ ಗುಣಗಾನ ಮಾಡಿದಂತೆ. ಆದರೆ ನಾನು ಬರೆಯುತ್ತಿರುವುದು ಜಹೀರಾಬಾದಿನಿಂದ. ಇಲ್ಲಿಯ ಮಳೆ 900 ಮಿಲಿಮೀಟರಿನ ಆಸುಪಾಸು, ಅದೂ ನಾಲ್ಕು ತಿಂಗಳ ಲೆಕ್ಕ. ಶಿವರಾತ್ರಿ ಕಳೆದ ಮೇಲೆ ಮೃಗಶಿರ ಮಳೆ ಹನಿಯುವವರೆಗೆ ಕಲ್ಲೆಂಬ ಕಲ್ಲೆಲ್ಲ ಕಾದ ಹಂಚು. ಇಂಥ ನೆಲದಲ್ಲಿಯೂ ಹಾವಸೆ ಬಾಳಿಕೊಂಡು ಬಂದಿದೆ. ಅದನ್ನು ಕಾಣಲು ಕಣ್ಣು ಬೇಕು, ಉಳಿಸಲು ಸ್ವಲ್ಪ ಸೋಮಾರಿತನ ಬೇಕು. ಆ ಸೋಮಾರಿತನವನ್ನು ಸಮರ್ಥಿಸಿಕೊಳ್ಳಲು ನನಗೆ ಮನೆಯಲ್ಲಿ ಸಾಕಷ್ಟು ಜಗಳವಾಡಬೇಕಾಯಿತು.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಂಬ ಹೆಸರುಗಳು ನಿಮಗೆ ಹೆಚ್ಚು ಪರಿಚಿತವಿರಲಾರವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಲ್ಲವೆ, ಅದೇ ದಿನ ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲೂಕೂ ಜಹೀರಾಬಾದ್ ತಾಲೂಕಿನ ಬಹುಭಾಗವೂ, ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ನಾವು ತೆಲಂಗಾಣದವರು. 2016ರಲ್ಲಿ ಜಿಲ್ಲೆಗಳನ್ನು ಮತ್ತೆ ಹೊಲಿದಾಗ ಜಹೀರಾಬಾದೂ ನಾರಾಯಣಖೇಡವೂ ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ ಹೋದವು. ನನ್ನ ತಾಯಿಗೆ ಈಗ ಎಂಬತ್ತೆಂಟು. ನಾರಾಯಣಖೇಡದ ಬಳಿಯ ಹಳ್ಳಿಯಲ್ಲಿ ಹುಟ್ಟಿ, ಜಹೀರಾಬಾದಿಗೆ ಸೊಸೆಯಾಗಿ ಬಂದವಳು. ಆ ಆಚೆಗೆ ಎಲ್ಲಿಯೂ ಹೋಗಲಿಲ್ಲ. ನಿಜಾಮನ ಕಾಲವನ್ನೂ ಹಿಡಿದರೆ ಕುಳಿತಲ್ಲಿಯೇ ನಾಲ್ಕು ರಾಜ್ಯ ಕಂಡಳು. ಮನೆಯೊಳಗಿನ ಮಾತು ಮಾತ್ರ ಬದಲಾಗಲಿಲ್ಲ. ನಾನು ತೆಲುಗು ಮಾಧ್ಯಮದ ಶಾಲೆಗಳಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಿ ಹೊಂದಿದ್ದೇನೆ. ಹಾವಸೆಯ ಪಾಠವನ್ನು ಪ್ರತಿವರ್ಷ ತೆಲುಗಿನಲ್ಲಿ ಹೇಳಿದ್ದೇನೆ. ಅದರ ಕನ್ನಡ ಪಾಠ ನನಗೆ ಸಿಕ್ಕಿದ್ದು ತಾಯಿಯಿಂದ.

ಹೆಸರಿನ ಮಾತನ್ನು ಮೊದಲು ಮುಗಿಸುತ್ತೇನೆ. ಏಕೆಂದರೆ ನಮ್ಮ ಮನೆಯ ಗಲಾಟೆ ಶುರುವಾದದ್ದೇ ಹೆಸರಿನಿಂದ. ತೆಲುಗಿನಲ್ಲಿ ನಾಚು ಎನ್ನುತ್ತಾರೆ. ಕೆರೆಯ ಮೇಲಿನ ಹಸುರೂ ನಾಚೇ, ಗೋಡೆಯ ಮೇಲಿನ ಹಸುರೂ ನಾಚೇ. ಮಲೆಯಾಳದ ಪಾಯಲ್ ಕೂಡ ಹೀಗೆಯೇ ಎರಡಕ್ಕೂ ಸಲ್ಲುತ್ತದೆಯೆಂದು ಬಲ್ಲವರು ಹೇಳಿದ್ದಾರೆ. ನಮ್ಮೂರ ದಖನಿ ಉರ್ದುವಿನಲ್ಲಿ ಅದು ಕಾಯಿ. ಒಮ್ಮೆ ಗೌಂಡಿಯೊಬ್ಬ ಗೋಡೆ ನೋಡಿ 'ಕಾಯಿ ಜಮ್ ಗಯೀ' ಎಂದಾಗ ತಾಯಿ ತಲೆಯೆತ್ತಿ ಮಾವಿನ ಗಿಡ ನೋಡಿದಳು. ಕನ್ನಡದಲ್ಲಿಯೂ ಪಾಚಿ, ಹಾವಸೆ ಎಂಬ ಎರಡು ಮಾತನ್ನು ಒಂದಕ್ಕೊಂದು ಬದಲಿಯಾಗಿ ಬಳಸುವವರೇ ಹೆಚ್ಚು. ಆದರೆ ನನ್ನ ತಾಯಿಯ ಬಾಯಲ್ಲಿ ಅವು ಎರಡು. ಬಚ್ಚಲ ಕಲ್ಲಿನ ಮೇಲೆ ಲೋಳೆಯಾಗಿ ಕೂತು ಕಾಲು ಜಾರಿಸುವುದು ಪಾಚಿ. ಗೋಡೆಯ ಮೇಲೆ ಮಖಮಲ್ಲಿನ ಹಾಗೆ ಒತ್ತಾಗಿ ಏಳುವುದು ಹಾವಸೆ. ಸಸ್ಯಶಾಸ್ತ್ರವೂ ಗೆರೆ ಎಳೆಯುವುದು ಅಲ್ಲಿಯೇ. ಈ ಬರಹದಲ್ಲಿ ನಾನು ತಾಯಿಯ ಲೆಕ್ಕವನ್ನೇ ಹಿಡಿದಿದ್ದೇನೆ.

ಗಲಾಟೆಯ ಕತೆ ಇಷ್ಟು. ನಮ್ಮ ಹಿತ್ತಲಿಗೆ ತಾಂಡೂರಿನ ಫರಸಿ ಹಾಸಿದೆ. ಕೆಲವು ವರ್ಷಗಳ ಹಿಂದೆ ಒಂದು ಶ್ರಾವಣ ಸೋಮವಾರ ತಾಯಿ ಬಾವಿಯ ಕಡೆಯಿಂದ ಹೂ ಕಿತ್ತುಕೊಂಡು ಬರುವಾಗ ಬಚ್ಚಲ ನೀರು ಹರಿಯುವಲ್ಲಿ ಕಾಲು ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆ, ಎರಡು ತಿಂಗಳು ಮಂಚ. ಹೈದರಾಬಾದಿನಿಂದ ಬಂದ ನನ್ನ ತಮ್ಮ ಕೋಪದಿಂದ ಆಳಿಗೆ ಹೇಳಿದ: ಹಿತ್ತಲಲ್ಲಿ ಹಸುರೆಂಬುದು ಕಾಣಬಾರದು. ಮೊಮ್ಮಗ ತನ್ನ ತೆಲುಗಿನಲ್ಲಿ 'ಎಲ್ಲ ನಾಚು ತೆಗೆಸಿಬಿಡೋಣ' ಎಂದು ದನಿಗೂಡಿಸಿದ. ಬ್ಲೀಚಿಂಗ್ ಪೌಡರಿನ ಚೀಲ ಬಂತು, ಆಸಿಡ್ ಬಾಟಲಿಗಳು ಬಂದವು. ಆಗ ಮಂಚದ ಮೇಲಿನಿಂದ ತಾಯಿ ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ: 'ನನ್ನ ಕೆಡವಿದ್ದು ಪಾಚಿ. ಹಾವಸಿ ಏನು ಮಾಡ್ಯದ? ಅದರ ಮ್ಯಾಲೆ ಯಾರು ಕಾಲಿಡ್ತಾರ?'

ಆಕೆಯ ಮಾತು ಅಕ್ಷರಶಃ ಸರಿ. ನೆಲದ ಮೇಲಿನ ಜಾರಿಕೆ ಶೈವಲದ್ದು, ಮತ್ತು ನಾಸ್ಟಾಕಿನಂಥ ನೀಲಿಹಸುರು ಜೀವಿಗಳದ್ದು. ಅವುಗಳಿಗೆ ಎಲೆಯಿಲ್ಲ, ಕಾಂಡವಿಲ್ಲ, ಮೈತುಂಬ ಲೋಳೆ. ಓಡಾಡುವ ದಾರಿಯಲ್ಲಿ ಅವು ಇರಕೂಡದು, ಅದರಲ್ಲಿ ಎರಡು ಮಾತಿಲ್ಲ. ತೆಂಗಿನ ನಾರಿನ ಪೊರಕೆ, ಒಂದು ಬೊಗಸೆ ಮರಳು, ನೀರು ನಿಲ್ಲದಂತೆ ಸ್ವಲ್ಪ ಇಳಿಜಾರು, ಇಷ್ಟಾದರೆ ಸಾಕು. ಆಸಿಡ್ ಬೇಡ. ತಾಂಡೂರಿನದು ಸುಣ್ಣಗಲ್ಲು. ಆಸಿಡ್ ಬಿದ್ದರೆ ನೊರೆಯೆದ್ದು ಕಲ್ಲಿನ ಮೈಯನ್ನೇ ತಿನ್ನುತ್ತದೆ. ನುಣುಪು ಹೋಗಿ ಒರಟಾದ ಮೈಯಲ್ಲಿ ನೀರೂ ಮಣ್ಣೂ ನಿಂತು ಮುಂದಿನ ಮಳೆಗೆ ಪಾಚಿ ಇಮ್ಮಡಿಯಾಗುತ್ತದೆ. ನಮ್ಮ ಕಡೆ ಪ್ರತಿ ಮನೆಯಲ್ಲಿ ಹಬ್ಬದ ಮುಂಚೆ ಆಸಿಡ್ ತರಿಸುವ ರೂಢಿಯಿದೆ. ಆ ದುಡ್ಡಿನಿಂದ ಬಚ್ಚಲ ನೀರಿಗೆ ಒಂದು ಪೈಪು ಹಾಕಿಸಿದರೆ ಮುದುಕರು ಬೀಳುವುದು ತಪ್ಪೀತು. ನಾವು ಪೈಪು ಹಾಕಿಸಿದೆವು. ಗೋಡೆ ಉಳಿಯಿತು.

ಇನ್ನು ಗುರುತಿಸುವ ಬಗೆ. ಬೇಸಿಗೆಯಲ್ಲಿ ನಮ್ಮ ಹಾವಸೆ ಹಸುರಾಗಿರುವುದಿಲ್ಲ ಎಂಬುದೇ ಮೊದಲ ತೊಡಕು. ಕರಿಯ ಚಕ್ಕೆಯ ಹಾಗೆ, ಒಲೆಯ ಮಸಿ ಒಣಗಿ ಅಂಟಿದ ಹಾಗೆ ಕಾಣುತ್ತದೆ. ಕೊಳೆಯೆಂದು ಕೆರೆದು ಹಾಕುವುದು ಸಹಜ. ಕೆರೆಯುವ ಮೊದಲು ಒಂದು ಚಮಚ ನೀರನ್ನು ಅದರ ಮೇಲೆ ಬಿಟ್ಟು ಐದು ನಿಮಿಷ ಕಾಯಿರಿ. ಅದು ಹಾವಸೆಯಾಗಿದ್ದರೆ ನಿಮ್ಮ ಕಣ್ಣೆದುರಿಗೇ ಮಡಚಿದ್ದ ಎಲೆಗಳು ಬಿಚ್ಚಿಕೊಂಡು ಹಸುರಾಗುತ್ತವೆ. ಕೊಳೆಯಾಗಿದ್ದರೆ ಒದ್ದೆಯ ಕೊಳೆಯಾಗಿಯೇ ಉಳಿಯುತ್ತದೆ. ನಮ್ಮ ದೇಶದ ಗೋಡೆ, ಬಂಡೆ, ಸಿಮೆಂಟಿನ ಮೇಲೆ ಬಹು ಸಾಮಾನ್ಯವಾದ ಹಯೋಫಿಲ ಇನ್ವೊಲ್ಯೂಟ ಎಂಬ ಬಗೆಯ ಹೆಸರಿನ ಎರಡನೆಯ ಪದದ ಅರ್ಥವೇ ಒಳಕ್ಕೆ ಸುರುಳಿಗೊಂಡದ್ದು ಎಂದು. ಎಲೆಯ ಅಂಚು ಒಣಗಿದಾಗ ವೀಳ್ಯದೆಲೆ ಸುತ್ತಿದಂತೆ ಒಳಕ್ಕೆ ಸುತ್ತಿಕೊಳ್ಳುತ್ತದೆ. ಇನ್ನೊಂದು, ಬೆಳ್ಳಿಯ ಹೊಳಪಿನದು, ಬ್ರಯಮ್ ಅರ್ಜೆಂಟಿಯಮ್. ಇದು ಜಗತ್ತಿನ ಊರೂರಿನ ಕಾಲುದಾರಿಗಳಲ್ಲಿಯೂ ಇದೆ. ಎಲೆಯ ತುದಿಯಲ್ಲಿ ಹಸುರು ದ್ರವ್ಯವಿಲ್ಲದ್ದರಿಂದ ಅದಕ್ಕೆ ಆ ಬೆಳ್ಳಿ ಬಣ್ಣ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಇದ್ದರೆ ಎಲೆ, ದಂಟು, ಮಳೆಗಾಲದ ಕೊನೆಗೆ ಕೂದಲೆಳೆಯಂಥ ಕಡ್ಡಿಯ ತುದಿಗೆ ನಿಲ್ಲುವ ಬೀಜಕದ ಗಡಿಗೆ, ಎಲ್ಲವನ್ನೂ ನೋಡಬಹುದು.

ಹಾವಸೆಯೊಂದಿಗೆ ಬೆರೆಸಿ ನೋಡುವ ಇತರರೂ ಇದ್ದಾರೆ. ಬಂಡೆಗೆ ಬೂದುಬಣ್ಣದ ಚಕ್ಕೆಯಾಗಿ ಅಂಟುವ ಕಲ್ಲುಹೂವು ಹಾವಸೆಯಲ್ಲ. ಅದು ಶಿಲೀಂಧ್ರವೂ ಶೈವಲವೂ ಕೂಡಿ ಮಾಡಿದ ಸಂಸಾರ. ನಮ್ಮ ಕಡೆಯ ಮಸಾಲೆಗೆ ಬೀಳುವ ದಗಡಫೂಲು ಅದೇ ಕುಲದ್ದು. ತೇವದ ನೆಲದಲ್ಲಿ ಪುಟ್ಟ ಚಕ್ರದ ಹಾಗೆ ಚಪ್ಪಟೆಯಾಗಿ ಹರಡುವ ರಿಕ್ಸಿಯ ಹಾವಸೆಯ ದಾಯಾದಿ. ಹಾವಸೆಗೆ ಬೇರಿಲ್ಲ, ನೀರೆಳೆಯುವ ನಾಳವಿಲ್ಲ. ಇರುವುದು ಕಲ್ಲನ್ನು ಹಿಡಿದುಕೊಳ್ಳುವ ಕೂದಲುಗಳು ಮಾತ್ರ. ಎಲೆ ಬಹುಪಾಲು ಒಂದೇ ಕೋಶದಷ್ಟು ದಪ್ಪ. ಗಾಳಿಯಲ್ಲಿ, ಮಳೆಯಲ್ಲಿ ಏನು ಬಂದರೂ ನೇರವಾಗಿ ಮೈಯೊಳಕ್ಕೆ. ಈ ಒಂದು ಗುಣ ನೆನಪಿನಲ್ಲಿರಲಿ. ತಾಂಡೂರಿನ ಮಾತು ಬಂದಾಗ ಬೇಕಾಗುತ್ತದೆ.

ಜಗತ್ತಿನಲ್ಲಿ ಸುಮಾರು 12,000 ಬಗೆಯ ಹಾವಸೆಗಳಿವೆಯೆಂದು ಲೆಕ್ಕ. ನಮ್ಮ ದೇಶದಲ್ಲಿ ಈ ಕುಲದ ಅಭ್ಯಾಸಕ್ಕೆ ಅಡಿಪಾಯ ಹಾಕಿದ ಶಿವರಾಮ ಕಶ್ಯಪ ಅವರು (1882–1934) ಲಾಹೋರಿನಲ್ಲಿದ್ದವರು. ಹಿಮಾಲಯದ ಪಶ್ಚಿಮ ಭಾಗವನ್ನೂ ಪಂಜಾಬಿನ ಬಯಲನ್ನೂ ಹುಡುಕಿದರು. ತಮಿಳುನಾಡಿನ ಪಳನಿ ಬೆಟ್ಟಗಳ ಹಾವಸೆಗಳನ್ನು ಪಾದ್ರಿ ಫೊರೊ ಅವರು ಪಟ್ಟಿ ಮಾಡಿದರು. ಬೆಟ್ಟ, ಮಳೆಕಾಡು, ಘಟ್ಟ ಇವುಗಳಿಗೆ ದೊರೆತ ಮರ್ಯಾದೆ ದಖನ್ನಿನ ಬಿಸಿಲು ಗೋಡೆಗೆ ದೊರೆತಿಲ್ಲ. ನಮ್ಮ ಜಹೀರಾಬಾದಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಂಗಸರು ಬಿತ್ತದೆ ಬೆಳೆಯುವ ಹೊಲದ ಸೊಪ್ಪುಗಳಿಗೆ ಹೆಸರು, ಗುಣ, ಅಡಿಗೆ ಎಲ್ಲ ಹೇಳುವರು. ಕಳೆ ಎಂಬ ಮಾತನ್ನೇ ಅವರು ಒಪ್ಪುವುದಿಲ್ಲ. ಹಾವಸೆಯನ್ನು ತಿನ್ನಲಾಗದು, ಹಾಗಾಗಿ ಅದು ಅವರ ಪಟ್ಟಿಗೂ ಸೇರಲಿಲ್ಲವೆಂದು ತೋರುತ್ತದೆ.

ಈಗ ಊರೂರಿನ ಮಾತು. ಜಹೀರಾಬಾದಿನದು ಕೆಂಪು ನೆಲ, ಬೀದರಿನ ಪ್ರಸ್ಥಭೂಮಿಯ ಮುಂದುವರಿಕೆ. ಕೆಳಗೆ ಕರಿಗಲ್ಲು, ಮೇಲೆ ಜಂಬಿಟ್ಟಿಗೆಯ ಹೊದಿಕೆ. ನೀವು ಮುರಕಲ್ಲು ಎನ್ನುತ್ತೀರಿ, ನಿಮ್ಮ ನೆರೆಯವರು ಚೆಂಗಲ್ಲು ಎನ್ನುತ್ತಾರೆ. ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು, ಕನ್ನಡ, ಮಲಬಾರ್ ಸೀಮೆಗಳಲ್ಲಿ ತಿರುಗಾಡಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಮಲಬಾರಿನ ಅಂಗಾಡಿಪುರದ ಕಲ್ಲನ್ನು ನೋಡಿ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತು. ಹೀಗೆ ಹೆಸರು ನಿಮ್ಮ ಕಡೆಯದು, ಕಲ್ಲು ಇಬ್ಬರದೂ. ಇನ್ನೊಂದು ಸಂಬಂಧವೂ ಇದೆ. ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತರುವ ಸುರಂಗಗಳಿವೆಯಷ್ಟೆ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಜನ ಅದನ್ನೂ ಸುರಂಗ ಬಾವಿ ಎಂದೇ ಕರೆಯುತ್ತಾರೆ. ಕಲ್ಲು ಅದೇ. ತೂತು ತೂತಾದ ಆ ಕಲ್ಲಿನೊಳಗೆ ಮಳೆಯ ನೀರು ಇಳಿದು, ಕೆಳಗಿನ ಕರಿಗಲ್ಲು ತಡೆದಲ್ಲಿ ಜಿನುಗುತ್ತದೆ. ಹಾವಸೆಗೆ ಬೇಕಾದದ್ದೂ ಆ ತೂತುಗಳೇ. ನಮ್ಮ ಬಾವಿಯ ಜಂಬಿಟ್ಟಿಗೆಯ ಒಳಗೋಡೆಯಲ್ಲಿ, ಬಿಸಿಲು ತಾಗದ ಉತ್ತರ ಮಗ್ಗುಲಲ್ಲಿ, ಒಂದೊಂದು ಕುಳಿಯಲ್ಲಿ ಒಂದೊಂದು ಹಸುರು ಗುಂಡಿಯಂತೆ ಅದು ಬೆಳೆದಿದೆ. ಅಲ್ಲಿಂದಲೇ ಅದರ ಮರಿಗಳು ಹಿತ್ತಲ ಗೋಡೆಗೆ ಬಂದಿರಬೇಕು. ಊರಲ್ಲಿ ಈಗ ಬಾವಿಗಳನ್ನು ಮಣ್ಣು ತುಂಬಿ ಮುಚ್ಚುತ್ತಿದ್ದಾರೆ. ಬೋರ್‌ವೆಲ್ ಬಂದಮೇಲೆ ಬಾವಿ ಯಾರಿಗೂ ಬೇಡ. ಬಾವಿ ಮುಚ್ಚಿದ ಮನೆಗಳ ಗೋಡೆ ಕ್ರಮೇಣ ಬೋಳಾಗುವುದನ್ನು ನಮ್ಮ ಓಣಿಯಲ್ಲಿಯೇ ಕಂಡಿದ್ದೇನೆ. ಬೀಜಕ ಗಾಳಿಯಲ್ಲಿ ಎಲ್ಲಿಂದಲಾದರೂ ಬರಬಹುದು, ನಿಜ. ಆದರೆ ಬೇಸಿಗೆ ಕಳೆಯುವ ತವರುಮನೆ ಹತ್ತಿರವಿದ್ದರೆ ಅದರ ಬಲವೇ ಬೇರೆ.

ನಾರಾಯಣಖೇಡದ ಕಡೆ ಮಂಜೀರಾ ಸೀಮೆಯ ಕರಿ ನೆಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬಿ ಅಂಟು. ಹೀಗೆ ಹಿಗ್ಗಿ ಕುಗ್ಗುವ ಮಣ್ಣಿನ ಮೇಲೆ ಹಾವಸೆ ನೆಲೆ ನಿಲ್ಲದು. ಅದು ಕರಿಗಲ್ಲಿನ ಕಟ್ಟೆಗಳನ್ನೂ ಹಳೆಯ ಮಣ್ಣುಗೋಡೆಗಳನ್ನೂ ಆಶ್ರಯಿಸುತ್ತದೆ. ನನ್ನ ಅಜ್ಜಿ ಮಾಳಿಗೆಮನೆಯ ಹಿಂದಿನ ಮಣ್ಣುಗೋಡೆಯ ಹಾವಸೆಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಗೋಡೆಯ ತೊಗಲು ಎನ್ನುತ್ತಿದ್ದಳು. ಮರುಭೂಮಿಯ ಅಂಚಿನ ನಾಡುಗಳಲ್ಲಿ ಹಾವಸೆ, ಕಲ್ಲುಹೂವು, ನೀಲಿಹಸುರು ಜೀವಿಗಳು ಕೂಡಿ ನೆಲದ ಮೇಲೆ ಕಟ್ಟುವ ಪೊರೆ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆಂದು ವಿಜ್ಞಾನಿಗಳು ತೋರಿಸಿದ್ದಾರೆ. ಅಜ್ಜಿಯ ಮಾತು ಅದಕ್ಕೆ ಬಹಳ ದೂರದ್ದಲ್ಲ. 2020ರ ಅಕ್ಟೋಬರದ ಭಾರೀ ಮಳೆಯಲ್ಲಿ ಆ ಗೋಡೆಯ ಒಂದು ಪಾಲು ಕುಸಿಯಿತು. ಹಾವಸೆ ಇದ್ದ ಪಾಲು ನಿಂತಿತು. ಹಾವಸೆಯಿಂದಲೇ ನಿಂತಿತೆಂದು ನಾನು ಪ್ರಮಾಣ ಮಾಡಲಾರೆ. ಆ ಮಗ್ಗುಲಿಗೆ ಬೇವಿನ ಮರದ ಮರೆಯೂ ಇತ್ತು.

ತಾಂಡೂರಿನಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಮನೆಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ತಾಂಡೂರೆಂದರೆ ಕಲ್ಲು ಮತ್ತು ತೊಗರಿ. ಅಲ್ಲಿಯ ನೀಲಿ, ಹಳದಿ ಫರಸಿ ದೇಶದ ಎಷ್ಟೋ ಊರುಗಳ ನೆಲವಾಗಿದೆ. ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಳೆಯ ಮನೆಗಳ ನೆಲ, ಗೋಡೆ, ಎಷ್ಟೋ ಕಡೆ ಮಾಳಿಗೆಯೂ ಅದೇ ಕಲ್ಲಿನದು. ಸುಣ್ಣವನ್ನು ಮೆಚ್ಚುವ ಹಾವಸೆಗಳಿಗೆ ಇದು ಹಬ್ಬದೂಟ. ನುಣುಪು ಮಾಡಿದ ಹಾಸುಗಲ್ಲಿನ ಮೇಲೆ ಏನೂ ಹಿಡಿಯದು. ಆದರೆ ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಕೂತ ಮಣ್ಣಿನ ಗೆರೆಗುಂಟ ಅದು ಹಸುರು ದಾರದಂತೆ ಹರಿಯುತ್ತದೆ. ತಂಗಿ ಮದುವೆಯಾಗಿ ಹೋದ ಹೊಸತರಲ್ಲಿ ಅವಳ ಅಂಗಳ ಇಳಕಲ್ ಸೀರೆಯ ಚೌಕುಳಿಯಂತೆ ಕಾಣುತ್ತಿತ್ತು. ಮುಂದೆ ಓಣಿಯ ಹಿಂಬದಿಗೆ ಕಲ್ಲು ಕೊಯ್ದು ಪಾಲಿಶ್ ಮಾಡುವ ಒಂದು ಘಟಕ ಬಂತು. ಅದರ ಬಿಳಿಯ ರಾಡಿ ಒಣಗಿ ಗಾಳಿಗೆ ಏಳುತ್ತದೆ. ಲಾರಿಗಳ ಧೂಳು ಬೇರೆ. ನಾಲ್ಕೈದು ವರ್ಷಗಳಲ್ಲಿ ಅವಳ ಅಂಗಳದ ಹಸುರು ಗೆರೆಗಳು ಒಂದೊಂದಾಗಿ ಬೂದಿಯಾದವು. ಎಲೆಯೇ ಬಾಯಿ, ಎಲೆಯೇ ಹೊಟ್ಟೆ ಎಂದು ಮೊದಲೇ ಹೇಳಿದೆನಷ್ಟೆ. ಮೇಲೆ ಧೂಳಿನ ಪದರ ಕೂತರೆ ಬೆಳಕೂ ಇಲ್ಲ, ನೀರೂ ಇಲ್ಲ.

ಈ ಗುಣವನ್ನೇ ಹಿಡಿದು 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹಾವಸೆಯ ಮೈಯಲ್ಲಿ ಸೇರಿದ ಲೋಹಗಳನ್ನು ಅಳೆದು ಗಾಳಿಯ ಕೊಳೆಯನ್ನು ಲೆಕ್ಕ ಹಾಕಲು ಆರಂಭಿಸಿದರು. ಮುಂದೆ ಯೂರೋಪಿನ ಅನೇಕ ದೇಶಗಳು ಅದನ್ನು ಕ್ರಮವಾಗಿ ಮಾಡುತ್ತ ಬಂದಿವೆ. ನಮಗೆ ಅಂಥ ಯಂತ್ರವಿಲ್ಲ. ನಾನು ಮಾಡಿದ್ದು ಇಷ್ಟೇ: ತಂಗಿಯ ಓಣಿಯ ಮನೆಗಳ ಉತ್ತರ ಗೋಡೆಗಳನ್ನು ಮಾತ್ರ ಒಂದು ಮಳೆಗಾಲದಲ್ಲಿ ನೋಡುತ್ತ ಹೋದೆ. ದಕ್ಷಿಣ, ಪಶ್ಚಿಮದ ಗೋಡೆಗಳನ್ನು ಬಿಸಿಲೇ ಸುಡುವುದರಿಂದ ಅವನ್ನು ಲೆಕ್ಕಕ್ಕೆ ಹಿಡಿಯಕೂಡದು. ಘಟಕಕ್ಕೆ ಹತ್ತಿರದ ಗೋಡೆಗಳು ಬೋಳು. ದೂರ ಹೋದಂತೆ ಮೊದಲು ಚುಕ್ಕೆ, ಆಮೇಲೆ ಗೆರೆ, ರೈಲ್ವೆ ಹಳಿಯ ಆಚೆಗೆ ಮಖಮಲ್ಲು. ತಂಗಿಗೆ ಚಳಿಗಾಲವಿಡೀ ಕೆಮ್ಮು. ವೈದ್ಯರು ಧೂಳಿನ ಮಾತು ಹೇಳಿದ್ದರು, ಮನೆಯವರು ಅದನ್ನು ವಯಸ್ಸಿನ ಕೆಮ್ಮು ಎನ್ನುತ್ತಿದ್ದರು. ಗೋಡೆಗಳನ್ನು ತೋರಿಸಿದ ಮೇಲೆ ಭಾವನವರು ಮಾತನಾಡಲಿಲ್ಲ. ಅವಳ ಮಲಗುವ ಕೋಣೆ ಈಗ ಮುಂದಿನ ಪಡಸಾಲೆಯ ಕಡೆಗೆ ಬಂದಿದೆ, ಹಿಂದಿನ ಕಿಟಕಿಗೆ ಒದ್ದೆ ಗೋಣಿತಾಟಿನ ಪರದೆ ಬಿದ್ದಿದೆ. ಘಟಕ ಇದ್ದಲ್ಲಿಯೇ ಇದೆ. ಅದರಲ್ಲಿ ದುಡಿಯುವವರೂ ನಮ್ಮ ಓಣಿಯವರೇ, ಅವರ ಕೆಮ್ಮಿನ ಮಾತು ಎತ್ತುವವರಿಲ್ಲ.

ಬೆಳೆಸುವ ವಿಷಯಕ್ಕೆ ಬರೋಣ. ಒಂದು ಮಾತನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪ್ರೀತಿಯಿಂದಲೇ ಇದನ್ನು ಕೊಲ್ಲುವವರಿದ್ದಾರೆ: ಬೇಸಿಗೆಯಲ್ಲಿ ಹಾವಸೆಗೆ ನೀರು ಹಾಕಬೇಡಿರಿ. ತುಳಸಿಗೆ ಹಾಕುವಾಗ ಪಾಪ ಎಂದು ಗೋಡೆಗೂ ಒಂದು ತಂಬಿಗೆ ಚಿಮುಕಿಸುವ ತಾಯಂದಿರನ್ನು ಕಂಡಿದ್ದೇನೆ. ಒಣಗಿದ ಹಾವಸೆ ಸತ್ತಿರುವುದಿಲ್ಲ. ಉಸಿರನ್ನೂ ನಿಲ್ಲಿಸಿ ಮಲಗಿರುತ್ತದೆ. ಒಣಗಿಸಿಟ್ಟ ತುಣುಕುಗಳು ವರ್ಷಗಳ ಮೇಲೆ ನೀರು ಕಂಡು ಚಿಗುರಿದ ದಾಖಲೆಗಳಿವೆ. ನೀರು ತಾಗಿದ ಕೂಡಲೇ ಅದು ಒಣಗುವಾಗ ಹರಿದ ಒಳಗೋಡೆಗಳನ್ನು ರಿಪೇರಿ ಮಾಡಲು ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಆಮೇಲೆ ಬೆಳಕಿನಲ್ಲಿ ಅಡಿಗೆ ಮಾಡಿಕೊಂಡು ಆ ಸಾಲ ತೀರಿಸಬೇಕು. ಏಪ್ರಿಲ್ ಬಿಸಿಲಿಗೆ ಆ ನೀರು ಕಾಲು ಗಂಟೆಯಲ್ಲಿ ಆರಿಹೋದರೆ ಸಾಲ ಹಾಗೆಯೇ ಉಳಿಯಿತು. ದಿನವೂ ಹೀಗೆ ಎಬ್ಬಿಸಿ ಎಬ್ಬಿಸಿ ಮಲಗಿಸಿದರೆ ಬಂಡವಾಳ ಮುಗಿದು ನಿಜವಾಗಿಯೇ ಸಾಯುತ್ತದೆ. ನಮ್ಮ ಬೋರಿನ ನೀರು ಗಡಸು ಬೇರೆ. ಎಲೆಯ ಮೇಲೆ ಬಿಳಿಯ ಪೊರೆ ಬಿಡುತ್ತದೆ. ಮಳೆಗಾಲದ ನಡುವೆ ಎಂಟು ಹತ್ತು ದಿನ ಬಿಸಿಲು ಬಿದ್ದರೆ ಹಿಡಿದಿಟ್ಟ ಮಳೆನೀರನ್ನು ಸಂಜೆ ಚಿಮುಕಿಸಬಹುದು, ಅಷ್ಟೇ.

ಹೊಸದಾಗಿ ನೆಡುವುದಿದ್ದರೆ ಆರಿದ್ರ ಮಳೆಯ ಕಾಲವೇ ಸರಿ. ನಿಮ್ಮ ನೆರೆಯ ಮಲೆಯಾಳಿಗಳು ತಿರುವಾದಿರ ಞಾಟ್ಟುವೇಲ ಎಂದು ಕೊಂಬೆ ನೆಡಲು ಕಾಯುವುದೂ ಇದೇ ಹದಿನಾಲ್ಕು ದಿನಗಳನ್ನು. ಕೆಡವುತ್ತಿರುವ ಮನೆಯ ಗೋಡೆಯಿಂದ ಹೆಬ್ಬೆರಳಷ್ಟು ತುಣುಕುಗಳನ್ನು ಎತ್ತಿಕೊಳ್ಳಿರಿ. ವಿಕಾರಾಬಾದಿನ ಅನಂತಗಿರಿಯಿಂದಾಗಲಿ ಚಿಂಚೋಳಿಯ ಕಾಡಿನಿಂದಾಗಲಿ ತರಬೇಡಿ. ಅಲ್ಲಿಯ ನೆರಳಿನದು ನಮ್ಮ ಹಿತ್ತಲಿನಲ್ಲಿ ಬಾಳುವುದೂ ಇಲ್ಲ. ಸುಣ್ಣಗಲ್ಲಿನದು ಸುಣ್ಣಗಲ್ಲಿಗೆ, ಜಂಬಿಟ್ಟಿಗೆಯದು ಜಂಬಿಟ್ಟಿಗೆಗೆ. ಕಲ್ಲನ್ನು ಒದ್ದೆ ಮಾಡಿ, ತುಣುಕನ್ನು ಕೈಯಲ್ಲಿ ಪುಡಿಮಾಡಿ ಒತ್ತಿ ಬಿಟ್ಟರೆ ಸಾಕು. ತುಂಡಿನಿಂದಲೂ ಅದು ಚಿಗುರಬಲ್ಲದು. ಮಜ್ಜಿಗೆಯಲ್ಲಿ ಅರೆದು ಹಚ್ಚಬೇಕೆಂದು 'ಯೂಟ್ಯೂಬ್' ಪಂಡಿತರು ಹೇಳುತ್ತಾರೆ. ನಾನು ಒಂದು ಕಲ್ಲಿಗೆ ಮಜ್ಜಿಗೆಯದು, ಪಕ್ಕದ ಕಲ್ಲಿಗೆ ಬರಿಯ ನೀರಿನದು ಹಚ್ಚಿ ಹೋಲಿಸಿ ನೋಡಿದೆ. ಮಜ್ಜಿಗೆಯ ಕಲ್ಲಿಗೆ ಬೂಷ್ಟು ಬಂತು, ಇರುವೆ ಬಂದವು. ಹಾವಸೆ ಬಂದದ್ದು ನೀರಿನ ಕಲ್ಲಿಗೆ. ಮಜ್ಜಿಗೆ ಕುಡಿಯಲಿಕ್ಕಿರಲಿ.

ಕೋಳಿ ಸಾಕುವವರು ಗೋಡೆಯ ಬುಡಕ್ಕೆ ಮುಳ್ಳಿನ ಬೇಲಿ ಇಡಬೇಕು, ಹುಳದ ಆಸೆಗೆ ಅವು ಎಲ್ಲವನ್ನೂ ಕೆದರುತ್ತವೆ. ಬಿದ್ದ ಬೇವಿನೆಲೆಯನ್ನು ಮೆತ್ತಗಿನ ಪೊರಕೆಯಿಂದ ತೆಗೆಯಬೇಕು. ಮುಖ್ಯವಾಗಿ ಅರಳಿಯ ಸಸಿ: ಹಾವಸೆಯ ತೇವದಲ್ಲಿ ಅರಳಿ, ಅತ್ತಿ ಮೊಳೆಯುತ್ತವೆ. ಗೋಡೆ ಸೀಳುವುದು ಅವುಗಳ ಬೇರು, ಹೆಸರು ಬರುವುದು ಹಾವಸೆಗೆ. ಎರಡೆಲೆ ಇರುವಾಗಲೇ ಕಿತ್ತುಬಿಡಿರಿ. ಹಾಗೆಂದು ಮನೆಯ ಭಾರ ಹೊರುವ ಗೋಡೆಗೆ, ಗಾರೆ ಸಡಿಲಾದಲ್ಲಿ, ಹಾವಸೆ ಬಿಡಿರೆಂದು ನಾನು ಹೇಳಲಾರೆ. ಅದು ತೇವ ಹಿಡಿದಿಡುವುದು ನಿಜ. ಕಂಪೌಂಡಿನ ಗೋಡೆ ಸಾಕು.

ನಮ್ಮ ಮನೆಯಲ್ಲಿ ಕೊನೆಗೆ ಆದ ರಾಜಿ ಹೀಗೆ. ದಸರೆಗೆ ಸುಣ್ಣ ಬಳಿಯುವಾಗ ಉತ್ತರದ ಕಂಪೌಂಡಿಗೆ ಬುಡದಿಂದ ಒಂದು ಗೇಣು ಬಿಟ್ಟು ಬಳಿಯುವುದು. ಜಾಜಿನ ಪಟ್ಟಿ ಎಳೆಯುವ ಜಾಗದಲ್ಲಿ ಹಾವಸೆಯ ಪಟ್ಟಿ. ತಮ್ಮ ಈಗಲೂ ಅದನ್ನು ನೋಡಿ ಮುಖ ಸಿಂಡರಿಸುತ್ತಾನೆ, ಬಣ್ಣ ಸಾಲದೆ ಹೋಯಿತೆ ಎಂದು ನೆಂಟರು ಕೇಳುತ್ತಾರೆ. ಮೊಮ್ಮಗನನ್ನು ಒಲಿಸಿದ್ದು ಮಾತ್ರ ನನ್ನ ಹಳೆಯ ಸೂಕ್ಷ್ಮದರ್ಶಕ. ಒದ್ದೆ ಹಾವಸೆಯನ್ನು ಹಿಂಡಿ, ಒಂದು ಹನಿಯನ್ನು ಗಾಜಿನ ಮೇಲೆ ಹಾಕಿಕೊಟ್ಟೆ. ಮೊದಲ ಎರಡು ದಿನ ಏನೂ ಸಿಗಲಿಲ್ಲ. ಮೂರನೆಯ ದಿನ ಎಂಟು ಕಾಲಿನ ನೀರುಕರಡಿಯೊಂದು ಉಗುರು ಊರುತ್ತ ನಡೆದುಹೋಯಿತು. ಅದೂ ಹಾವಸೆಯ ಹಾಗೆ ಒಣಗಿ ಮಲಗಿ ಏಳಬಲ್ಲ ಪ್ರಾಣಿ. ಹುಡುಗ ಊಟಕ್ಕೆ ಏಳಲಿಲ್ಲ. ಮುತ್ತಜ್ಜಿಯ ಬಳಿ ಓಡಿಹೋಗಿ 'ಹಾವಸಿಯೊಳಗ ಕರಡಿ ಅದ' ಎಂದ. ಅವಳು ಕಿವಿ ಮಂದವಾಗಿದ್ದರಿಂದ ಎರಡು ಸಲ ಹೇಳಿಸಿಕೊಂಡಳು. ನಾಚಿನೊಳಗೆ ಎನ್ನಲಿಲ್ಲ ಅವನು. ಅದನ್ನು ನಾನು ಗಮನಿಸಿದೆ, ಅವನು ಗಮನಿಸಿರಲಾರ.

ಕಾಸರಗೋಡಿನ ಓದುಗರಲ್ಲಿ ನನ್ನದೊಂದು ಕೇಳಿಕೆ ಇದೆ. ನಿಮ್ಮ ಸುರಂಗಗಳ ಬಾಯಿಯಲ್ಲಿ, ಬೆಳಕು ಮುಗಿದು ಕತ್ತಲು ಶುರುವಾಗುವ ಅಂಚಿನವರೆಗೆ, ಮುರಕಲ್ಲಿಗೆ ಅಂಟಿ ಬೆಳೆಯುವ ಹಸುರು ಇರಲೇಬೇಕು. ಸುರಂಗ ತೋಡುವ ಹಿರಿಯರು ಅದನ್ನು ಏನೆನ್ನುತ್ತಾರೆ? ಅಂಗಳದ ಜಾರಿಕೆಗೂ ಅದಕ್ಕೂ ನಿಮ್ಮ ಕನ್ನಡದಲ್ಲಿ, ತುಳುವಿನಲ್ಲಿ, ಮಲೆಯಾಳದಲ್ಲಿ ಬೇರೆ ಬೇರೆ ಮಾತುಗಳಿವೆಯೆ, ಒಂದೇ ಮಾತೆ? ಬಲ್ಲವರು ಈ ವಾರ್ಷಿಕದ ಸಂಪಾದಕರ ಮೂಲಕ ಒಂದು ಕಾರ್ಡು ಬರೆದರೆ ತಾಯಿಗೆ ಓದಿ ಹೇಳುತ್ತೇನೆ. ಬರುವ ಮೃಗಶಿರದೊಳಗೆ ಬಂದರೆ ಒಳ್ಳೆಯದು.